ಭಾವನ ಆರನೇ ಬಲ್ಬು

ನಮ್ಮ ಭಾವನವರಷ್ಟು ನನ್ನನ್ನು ದುಡಿಸಿಕೊಂಡವರು ಈ ಜಗತ್ತಿನಲ್ಲೇ ಇಲ್ಲ. ಅದೂ ಒಂದು ಮಾತು ಬೈಯದೆ, ಒಂದು ಸಲವೂ ಕೇಳದೆ, ಬರೀ ಐದು ಟಾರ್ಚ್ ಬಲ್ಬು ತೋರಿಸಿ!

ನಾನು ಬಸ್ ಕಂಡಕ್ಟರ್. ವಾರಕ್ಕೆ ಆರು ದಿನ ಆಲೂರು, ಸಕಲೇಶಪುರ, ಘಾಟಿ ಅಂತ ನಿಂತೇ ಇರುವ ಕಾಲು ನನ್ನದು. ರಜೆಯ ದಿನ ದೋಣಿಗಲ್ಲಿನ ಅಕ್ಕನ ಮನೆಗೆ ಹೋಗಿ ಕಾಲು ಚಾಚೋಣ ಎಂದುಕೊಂಡರೆ ಅಲ್ಲಿ ಭಾವ ಕಾದಿರುತ್ತಿದ್ದರು. ಅವರು ಎಸ್ಟೇಟಿನಲ್ಲಿ ಪಲ್ಪರ್ ಮೆಕ್ಯಾನಿಕ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರಕ್ಕೆ ಕೆಲಸವಿರುವುದು ವರ್ಷಕ್ಕೆ ಮೂರು ತಿಂಗಳು. ಮಿಕ್ಕ ಒಂಬತ್ತು ತಿಂಗಳು ಭಾವನ ತಲೆ ಖಾಲಿ. ಖಾಲಿ ತಲೆ ಎಷ್ಟು ಅಪಾಯ ಅಂತ ನಿಮಗೇನು ಗೊತ್ತು!

ಎಲ್ಲ ಶುರುವಾದದ್ದು ಹಾಸನದಿಂದ ಅವರು ತಂದ ಒಂದು ಬ್ರಿಕ್ ಗೇಮಿನಿಂದ. ತೊಂಬತ್ತರ ದಶಕದಲ್ಲಿ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲೆಲ್ಲ ನೇತಾಡುತ್ತಿತ್ತಲ್ಲ, ಅಂಗೈಯಗಲದ ವಿಡಿಯೋ ಗೇಮು, ಅದೇ. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ. ಎಡಗೈಲಿ ಸರಿಸಬೇಕು, ಬಲಗೈಲಿ ತಿರುಗಿಸಬೇಕು. ಸಾಲು ತುಂಬಿದರೆ ಸಾಲು ಮಾಯ. ತಂದದ್ದು ಭಾವ, ಹಿಡಿದುಕೊಂಡದ್ದು ಅಕ್ಕ. ಹಾಲು ಉಕ್ಕಿತು, ಸಾರು ಸೀದಿತು, ಅಕ್ಕ ತಲೆ ಎತ್ತಲಿಲ್ಲ. ಬೇರೆ ಗಂಡನಾಗಿದ್ದರೆ ರೇಗುತ್ತಿದ್ದ. ನಮ್ಮ ಭಾವ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು ಹೆಂಡತಿಯ ಮುಖವನ್ನೇ ಓದತೊಡಗಿದರು!

"ಜಾಸ್ತಿ ಪಾಯಿಂಟು ಬಂದ್ರೆ ನಿಮ್ಮಕ್ಕ ಎದ್ದು ಹೋಗ್ಬುಡ್ತಾಳೆ ಕಣೋ. ಸ್ವಲ್ಪದ್ರಲ್ಲಿ ಸೋತ್ಳು ಅನ್ಕೋ, 'ಇನ್ನೊಂದ್ಸಲ' ಅಂತಾಳೆ. ಈ ಆಟ ಮಾಡಿದೋನು ಮನುಷ್ಯನ ಮನಸ್ಸನ್ನ ಬಿಚ್ಚಿ ಜೋಡಿಸಿದೋನು ಮಾರಾಯ! ಪೂರ್ತಿ ಸೋಲಿಸಬಾರ್ದು, ಪೂರ್ತಿ ಗೆಲ್ಲಿಸಲೂಬಾರ್ದು. ಇದಕ್ಕೆ ಸೈಕಾಲಜಿ ಅಂತಾರೆ."

"ಭಾವ, ನಂಗೆ ನಿದ್ದೆ ಬರ್ತೈತೆ" ಎಂದೆ.

"ಇರೋ. ನಿನ್ನ ಬಸ್ಸಲ್ಲಿ ಸ್ಟಾಪು ಬರಕ್ಕೆ ಎರಡು ತಿರುವು ಇದ್ದಂಗೇ ಜನ ಎದ್ದು ನಿಲ್ತಾರಲ್ಲ, ಯಾಕೆ?"

ಯಾಕೋ! ಎಷ್ಟೋ ವರ್ಷಗಳಿಂದ "ಕೂತ್ಕಳ್ರೀ, ಬೀಳ್ತೀರಾ" ಎಂದು ಕಿರುಚಿ ನನ್ನ ಗಂಟಲು ಹೋಗಿತ್ತೇ ಹೊರತು ಕಾರಣ ತಿಳಿದಿರಲಿಲ್ಲ.

"ಹತ್ರ ಬಂತು ಅನ್ನೋದೇ ಮನುಷ್ಯನ್ನ ಎಬ್ಬಿಸೋದು" ಎಂದರು ಭಾವ.

ಮುಂದಿನ ವಾರ ಹೋದರೆ ಹಿತ್ತಿಲ ಕೈಪಂಪಿನ ಮುಂದೆ ಒಂದು ಹಲಗೆ, ಅದರ ಮೇಲೆ ಸಾಲಾಗಿ ಐದು ಬಲ್ಬು. ಪಂಪು ಹೊಡೆದಂತೆ ಡ್ರಮ್ಮಿನಲ್ಲಿ ನೀರು ಏರಿ, ಬಲ್ಬುಗಳು ಒಂದೊಂದಾಗಿ ಹತ್ತುತ್ತಿದ್ದವು. ಮೊದಲೆರಡು ಬೇಗ ಹತ್ತಿದವು, ಕೈಗೆ ರುಚಿ ಸಿಗಲಿ ಅಂತ. ಮೂರು. ನಾಲ್ಕು. ನಾಲ್ಕು ಹತ್ತಿದ ಮೇಲೆ ಐದನೆಯದನ್ನು ಬಿಟ್ಟು ಹೋಗುವ ಗಂಡಸು ಹುಟ್ಟಿದ್ದಾನೆಯೇ? ಡ್ರಮ್ಮು ತುಂಬಿಸಿ, ರಟ್ಟೆ ಸೋತು ಕೂತೆ. ಅದರ ಮುಂದಿನ ವಾರ ನೋಡುತ್ತೇನೆ, ಪಕ್ಕದಲ್ಲಿ ಇನ್ನೊಂದು ಡ್ರಮ್ಮು, ಆರನೇ ಬಲ್ಬು!

ಆ ಸಲದ ಕೊಯ್ಲಿಗೆ, ಕೆಲಸದವರನ್ನು ನೋಡಿಕೊಳ್ಳುವ ಎಸ್ಟೇಟ್ ರೈಟರನ್ನೂ ಭಾವ ಬಿಡಲಿಲ್ಲ. "ಉದ್ದ ಸಾಲು ನೋಡಿದ್ರೆ ಜನಕ್ಕೆ ಎದೆ ಒಡೀತದೆ. ಹತ್ತು ಗಿಡಕ್ಕೊಂದು ಬಾವುಟ ಕಟ್ಟಿ, ಮುಟ್ಟಿದೋರಿಗೆ ಎಲೆ ಅಡಿಕೆ ಕೊಡಿ" ಎಂದು ಆ ಬಡಪಾಯಿಯನ್ನು ಒಪ್ಪಿಸಿದರು. ಹೆಂಗಸರು ಬಾವುಟ ಮುಟ್ಟಿದರು, ನಿಜ. ಮುಟ್ಟಿದಲ್ಲೆಲ್ಲ ಕೂತು, ಎಲೆ ಹಾಕಿ, ಊರ ಸುದ್ದಿ ಮುಗಿಸಿ ಎದ್ದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಬಾಯಿಯೂ ಕೆಂಪು, ಹಣ್ಣು ಮಾತ್ರ ಗಿಡದಲ್ಲೇ ಕೆಂಪು.

"ನಿಮ್ಮ ಸೈಕಾಲಜಿನ ಮೊದಲು ಪಲ್ಪರ್‌ಗೆ ಹಾಕ್ರೀ!" ಎಂದರಂತೆ ರೈಟರು.

ಇಷ್ಟೆಲ್ಲ ನಕ್ಕಿದ್ದಾದ ಮೇಲೆ ಅಕ್ಕನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ಉಳಿಯಿತು, ಬಲಗೈ ಬಿದ್ದುಹೋಯಿತು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, "ದಿನಾ ಒತ್ತಬೇಕು. ಈಗ ಬಿಟ್ಟರೆ ಕೈ ಹೀಗೇ ಉಳಿದುಬಿಡುತ್ತೆ" ಎಂದರು. ಅಕ್ಕ ಅದನ್ನು ಎಡಗೈಲಿ ತೆಗೆದು ಕಿಟಕಿಯ ಮೇಲಿಟ್ಟಳು.

"ನಂದು ಮುಗೀತು ಬುಡ್ರೀ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಭಾವ ಬಿಟ್ಟಾರೆಯೇ? ಒತ್ತಿದರೆ ಬಲ್ಬು ಹತ್ತುವ ಚೆಂಡು ಮಾಡಿದರು. ಅಕ್ಕ ನೋಡಲಿಲ್ಲ. ಗಂಟೆ ಬಾರಿಸುವ ಚೆಂಡು ಮಾಡಿದರು. ಅಕ್ಕ ತಿರುಗಲಿಲ್ಲ. ಒಂದು ತಿಂಗಳು ಕಳೆಯಿತು, ಬೆರಳು ಅಲುಗಲಿಲ್ಲ.

"ಸಾಕಾಗೈತೆ ಕಣೋ" ಎಂದರು ಭಾವ ಒಂದು ದಿನ, ಪಂಪಿನ ಕಟ್ಟೆಯ ಮೇಲೆ ಕೂತು. "ಆಸೆ ಇರೋರಿಗೆ ಆಟ ಮಾಡಬೋದು. ಆಸೆನೇ ಇಲ್ದೋರಿಗೆ ಏನು ಮಾಡ್ಲಿ?"

ಅವರು ಹಾಗೆ ಸೋತು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನನಗೆ ಭಯವಾಯಿತು.

ಆ ಮಧ್ಯಾಹ್ನ ಊಟವಾದ ಮೇಲೆ ನಾನು ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಭಾವ ಮಂಚದ ಅಂಚಿನಲ್ಲಿ ಕೂತು, ಬಲಗೈಲಿ ಅಕ್ಕನ ಬಲಗೈ ಹಿಡಿದುಕೊಂಡು, ಎಡಗೈ ಒಂದರಲ್ಲೇ ಆ ಹಳೇ ಬ್ರಿಕ್ ಗೇಮು ಆಡುತ್ತಿದ್ದರು. ಸರಿಸಲು ಆಗುತ್ತಿತ್ತು, ತಿರುಗಿಸಲು ಆಗುತ್ತಿರಲಿಲ್ಲ. ಇಟ್ಟಿಗೆಗಳು ಬಂದ ಹಾಗೇ ಅಡ್ಡಾದಿಡ್ಡಿ ಪೇರಿಕೊಂಡವು. ಅಕ್ಕ ಗೋಡೆಯಿಂದ ಮುಖ ತಿರುಗಿಸಿ ನೋಡಿದಳು. ಆಟ ಕಲಿತ ಕಣ್ಣಲ್ಲವೇ! ಒಂದು ಉದ್ದನೆಯ ಇಟ್ಟಿಗೆ ಅಡ್ಡಡ್ಡ ಇಳಿಯುತ್ತಿತ್ತು. ಕೆಳಗೆ ಅದು ನೆಟ್ಟಗೆ ಕೂರುವಷ್ಟು ಜಾಗವಿತ್ತು.

"ಅಯ್ಯೋ, ತಿರುಗಿಸ್ರೀ!"

"ಎಲ್ಲಿ ಐತೆ ಕೈ? ನೀನೇ ತಿರುಗಿಸು" ಎಂದು ಭಾವ, ಹಿಡಿದಿದ್ದ ಕೈಯನ್ನು ಹಾಗೇ ಗುಂಡಿಯ ಮೇಲೆ ತಂದಿಟ್ಟರು.

ಅಕ್ಕನ ಹೆಬ್ಬೆರಳು ನಡುಗಿತು. ಮೆಲ್ಲಗೆ ಬಾಗಿತು. ಒತ್ತಿತು! ಆದರೆ ಅಷ್ಟರಲ್ಲಿ ಇಟ್ಟಿಗೆ ಅಡ್ಡ ಬಿದ್ದು ಆಟ ಮುಗಿದುಹೋಗಿತ್ತು.

"ಥೂ, ಸ್ವಲ್ಪದ್ರಲ್ಲಿ ಹೋಯ್ತು" ಎಂದಳು ಅಕ್ಕ. "ಇನ್ನೊಂದ್ಸಲ ಹಾಕ್ರೀ."

ಸಂಜೆ ಹಿತ್ತಿಲಿನಲ್ಲಿ ಭಾವನನ್ನು ಹಿಡಿದುಕೊಂಡೆ. "ಎಂಥಾ ತಲೆ ಭಾವ ನಿಮ್ದು! ಬೇಕೂಂತಾನೇ ಒಂದು ಕೈಲಿ ಆಡಿದ್ರಾ?"

ಅವರು ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡರು. "ತಲೆ ಎಲ್ಲಿ ಬಂತೋ. ಅವಳ ಕೈ ತಣ್ಣಗಿತ್ತು. ಬಿಡಕ್ಕೆ ಮನಸು ಬರ್ಲಿಲ್ಲ, ಅಷ್ಟೇಯ."

ನನಗೂ ಅಳು ಬಂದಿತ್ತು. ಸುಮ್ಮನೆ ಹೋಗಿ ಪಂಪು ಹೊಡೆಯತೊಡಗಿದೆ. ಎಷ್ಟು ಬಲ್ಬು ಹತ್ತಿದವೋ, ಆ ದಿನ ನಾನು ನೋಡಲಿಲ್ಲ.