ದವಡೆಯ ಹೊಲಿಗೆಗೆ ನನ್ನ ತಿದ್ದುಪಡಿ

ದಂತವೈದ್ಯೆಯನ್ನು ಮೊದಲು ಕಂಡ ದಿನವೇ ನಾನೊಂದು ಘೋಷಣೆ ಹೊರಡಿಸಿದೆ. "ನೋಡಮ್ಮ, ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದೋಳು ನಾನು. ಸೂಜಿಗೆಲ್ಲ ಹೆದರೋಳಲ್ಲ. ಹಲ್ಲು ಕೂರಿಸಿಬಿಡು!"

ಕೆಳಗಿನ ಎರಡು ಮುಂಬಲ್ಲು ಹೋಗಿ ಎಂಟು ವರ್ಷವಾಗಿತ್ತು. ದಾರ ಕಚ್ಚಿ ಕಚ್ಚಿಯೇ ಹೋದವೆಂದು ನನ್ನ ಸೊಸೆ ಬೀದಿಗೆಲ್ಲ ಸಾರಿದ್ದಾಳೆ. ಕಟ್ಟಿಸಿಕೊಂಡ ಹಲ್ಲಾದರೋ, ಒಬ್ಬ ಗಿರಾಕಿಯ ಸೊಂಟದ ಅಳತೆ ತೆಗೆಯುವಾಗ ಜಾರಿ ಅವನ ಬೂಟಿನ ಮೇಲೆ ಬಿತ್ತು. ಆ ಮನುಷ್ಯ ಮತ್ತೆ ನಮ್ಮ ಬೀದಿಗೇ ಬಂದಿಲ್ಲ! ಅದಕ್ಕೇ ಈ ಸಲ ಅಲ್ಲಾಡದ ಹಲ್ಲೇ ಬೇಕೆಂದು ಹಟ ಹಿಡಿದಿದ್ದೆ.

ಡಾಕ್ಟರಮ್ಮ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದಳು. "ಅಮ್ಮಾ, ದವಡೆ ಮೂಳೆ ಸವೆದು ತೆಳ್ಳಗಾಗಿದೆ. ಹಲ್ಲು ಕೂರಿಸೋ ಸ್ಕ್ರೂ ಹಾಕಿದ್ರೆ ನಿಲ್ಲಲ್ಲ. ಮೊದಲು ಮೂಳೆ ಪುಡಿ ತುಂಬಿ, ವಸಡು ಹೊಲಿದು, ಐದಾರು ತಿಂಗಳು ಬಿಡ್ಬೇಕು. ಅದು ಗಟ್ಟಿಯಾದ್ಮೇಲೆ ಹಲ್ಲು."

"ಅಷ್ಟೇ ತಾನೆ? ತೆಳು ಬಟ್ಟೆಗೆ ಗುಂಡಿ ಹಾಕೋ ಮುಂಚೆ ಒಳಗೊಂದು ಪಟ್ಟಿ ಕೊಡ್ತೀವಲ್ಲ, ಹಾಗೆ!"

"ಅಬ್ಬಾ! ನಮ್ಮ ಮೇಷ್ಟ್ರು ಕೂಡ ಇಷ್ಟು ಚೆನ್ನಾಗಿ ಹೇಳಿಕೊಡ್ಲಿಲ್ಲ."

ಆ ಹೊಗಳಿಕೆಯೇ ನನ್ನನ್ನು ಕೆಡಿಸಿದ್ದು. ಅಂದಿನಿಂದ ನಾನು ಅರ್ಧ ಡಾಕ್ಟರಾದೆ!

ಪುಡಿ ತುಂಬಿ ಹೊಲಿದದ್ದಾಯಿತು. ಕೈಗೊಂದು ಚೀಟಿ ಕೊಟ್ಟಳು. ನನ್ನದು ಅಕ್ಷರ ಕೂಡಿಸಿ ಕೂಡಿಸಿ ಓದುವ ವಿದ್ಯೆ. ಅರ್ಧ ಗಂಟೆ ಹೆಣಗಿ ಒಂದು ಸಾಲು ಓದಿದೆ: "ಹೊಲಿಗೆಯನ್ನು ಬೆರಳಿನಿಂದ ಮುಟ್ಟಬಾರದು." ಸರಿ, ಮುಟ್ಟಲಿಲ್ಲ.

ನಾಲ್ಕನೆಯ ದಿನ ಕನ್ನಡಿ ಹಿಡಿದು ನೋಡಿದೆ. ಅಯ್ಯೋ! ಅದೂ ಒಂದು ಹೊಲಿಗೆಯೇ? ಗಂಟು ದಪ್ಪ, ದಾರದ ತುದಿ ಉದ್ದ. ನಮ್ಮ ಅಂಗಡಿಯಲ್ಲಿ ಮೊದಲ ವಾರ ಕಲಿಯಲು ಬಂದವರೂ ಹೀಗೆ ಬಿಡುತ್ತಿರಲಿಲ್ಲ. ಇಂಥ ಕೆಲಸವನ್ನು ಬಾಯಲ್ಲಿಟ್ಟುಕೊಂಡು ಐದು ತಿಂಗಳು ತಿರುಗುವುದೇ? ನನ್ನ ಮಾನದ ಗತಿ ಏನು?

ಚಿಮುಟ, ಸೂಜಿ, ಸಣ್ಣ ಕತ್ತರಿಗಳನ್ನು ನೀರಲ್ಲಿ ಕುದಿಸಿದೆ. ಬೆರಳು ಸೋಕಿಸದೆ ನಡುವಿನ ಗಂಟನ್ನು ಬಿಚ್ಚಿ, ನನ್ನದೇ ಚಪ್ಪಟೆ ಗಂಟು ಹಾಕಿ, ತುದಿಗಳನ್ನು ಒತ್ತಿ ಕತ್ತರಿಸಿದೆ. ಏನು ಅಂದ! ಯಾರಿಗಾದರೂ ತೋರಿಸಬೇಕೆನಿಸಿತು.

ಮರುದಿನ ಬೆಳಗ್ಗೆ ತಣ್ಣನೆಯ ಹಾಲು ಕುಡಿಯುತ್ತಿದ್ದೆ. ನಾಲಿಗೆಗೆ ಏನೋ ಕರಕರ ಎಂದಿತು.

"ಸಕ್ಕರೆ ಸರಿಯಾಗಿ ಕರಗಿಸಬಾರದೇನೇ?" ಎಂದು ಸೊಸೆಯ ಮೇಲೆ ರೇಗಿದೆ.

"ಅತ್ತೆ, ಹಾಲಿಗೆ ನಾನು ಸಕ್ಕರೆ ಹಾಕೇ ಇಲ್ಲ."

ಇಬ್ಬರೂ ಲೋಟದೊಳಗೆ ಇಣುಕಿದೆವು. ತಳದಲ್ಲಿ ನನ್ನ ಭವಿಷ್ಯದ ದವಡೆ ಪುಡಿಪುಡಿಯಾಗಿ ಕೂತಿತ್ತು!

"ಏನ್ ಮಾಡಿದ್ರಿ ಅತ್ತೆ?"

"ಏನಿಲ್ಲ... ಸ್ವಲ್ಪ ಆಲ್ಟರೇಷನ್ನು."

ಸೊಸೆ ನನ್ನ ಚಪ್ಪಲಿ ತಂದು ಕಾಲ ಮುಂದಿಟ್ಟಳು.

ಡಾಕ್ಟರಮ್ಮ ದೀಪ ಬಗ್ಗಿಸಿ ನೋಡಿದಳು. "ನಾನು ಹಾಕಿದ ಗಂಟೆಲ್ಲಿ?"

"ದಪ್ಪ ಇತ್ತಮ್ಮ. ನೀನು ತುದೀನೂ ಉದ್ದ ಬಿಟ್ಟಿದ್ದೆ..."

"ಒದ್ದೆ ಬಾಯಲ್ಲಿ ಜಾರದಿರ್ಲಿ ಅಂತ ಸುತ್ತಿನ ಮೇಲೆ ಸುತ್ತು ಹಾಕಿದ್ದೆ! ಬಿಚ್ಚೋವಾಗ ಹಿಡ್ಕೊಳ್ಳೋಕೆ ತುದಿ ಬಿಟ್ಟಿದ್ದೆ!"

"ಚೀಟೀಲಿ ಬೆರಳು ಅಂತಷ್ಟೇ ಇತ್ತಲ್ಲ..." ನನ್ನ ದನಿ ನನಗೇ ಕೇಳಿಸಲಿಲ್ಲ.

"ಪುಡಿ ಅರ್ಧ ಚೆಲ್ಲಿದೆ. ಒಳಗೆ ಕೀವಾಗಿದ್ರೆ ಉಳಿದದ್ದನ್ನೂ ತೆಗೀಬೇಕು. ಆಮೇಲೆ ಈ ಜಾಗದಲ್ಲಿ ಹಲ್ಲು ನಿಲ್ಲುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ."

ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಸೂಜಿಗೆ ಹೆದರದ ನಾನು ಮನಸ್ಸಿನಲ್ಲೇ ಮನೆದೇವರಿಗೆ ಹರಕೆ ಹೊತ್ತೆ. ಅವಳು ಒತ್ತಿದಳು, ತೊಳೆದಳು, ಮತ್ತೆ ನೋಡಿದಳು. ಸೊಸೆಯಂತೂ ಬಾಗಿಲ ಬಳಿ ಉಸಿರು ಹಿಡಿದು ನಿಂತಿದ್ದಳು.

"ಕೀವಿಲ್ಲ. ಬಚಾವಾದ್ರಿ."

ಮತ್ತೆ ಪುಡಿ ತುಂಬಿದಳು, ಮತ್ತೆ ಹೊಲಿದಳು. ಈ ಸಲ ಗಂಟು ಇನ್ನೂ ದಪ್ಪ, ತುದಿ ಇನ್ನೂ ಉದ್ದ. ಬಾಯಿತುಂಬ ಹತ್ತಿ ತುರುಕಿಕೊಂಡು ನಾನು ಗುಬ್ಬಿಮರಿಯಂತೆ ಕೂತಿದ್ದೆ.

ಡಾಕ್ಟರಮ್ಮ ಕೈಗವಸು ಕಳಚಿ, ನನ್ನ ಚಪ್ಪಟೆ ಗಂಟಿನ ದಾರವನ್ನು ಚಿಮುಟದಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನಿಜವಾದ ಆತಂಕದಿಂದಲೇ ಕೇಳಿದಳು:

"ಅಮ್ಮಾ, ಇದೇ ಗಂಟನ್ನ ಯಾರ ಪ್ಯಾಂಟಿಗೂ ಹಾಕಿ ಕೊಟ್ಟಿಲ್ಲ ತಾನೆ?"