ಕರೆಯದೆ ಬಂದ ಐವತ್ತು ಜನ

ಚಿನ್ನದ ಗಣಿಯೂರಿನ ನಮ್ಮ ಕೋರಮಂಡಲ್ ಬೀದಿಗೆ ಸಂಸ್ಕೃತಿಯ ಬೆಳಕು ತರುವ ಹೊಣೆ ನನ್ನದೇ ಎಂದು ಮೊನ್ನೆ ಭಾನುವಾರ ಬೆಳಿಗ್ಗೆ, ಎರಡನೇ ದೋಸೆಗೂ ಮೂರನೇ ದೋಸೆಗೂ ನಡುವೆ, ಘೋಷಿಸಿಬಿಟ್ಟೆ.

"ಇಲ್ಲಿ ನೆಲದಿಂದ ಚಿನ್ನ ತೆಗೆದದ್ದಾಯ್ತು. ಇನ್ನು ಈ ವೆಂಕಟೇಶಪ್ಪನ ತಲೆಯಿಂದ ತೆಗೆಯೋಣ!"

"ಅದೂ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತಲ್ಲ ರೀ," ಎಂದಳು ನನ್ನ ಹೆಂಡತಿ ಉಮಾ, ದೋಸೆ ಮಗುಚುತ್ತಾ.

ನನ್ನ ಯೋಜನೆ ಸರಳ. ಮನೆ ಮುಂದೆ ಮೊದಲು ಸಂಗೀತ, ಆಮೇಲೆ ನನ್ನ ಮೂವತ್ತೆರಡು ಪುಟದ ಹಾಸ್ಯಲೇಖನದ ವಾಚನ. ಹಿಂದೊಮ್ಮೆ ಕಾರ್ಡು ಅಚ್ಚುಹಾಕಿಸಿ ಇಡೀ ಬೀದಿಯನ್ನು ಕರೆದಿದ್ದೆ. ಬಂದವರು ಐದು. ಮೂವರು ನೆಂಟರು, ನಾಲ್ಕನೆಯವರು ಕೇಬಲ್ ರಿಪೇರಿಯವರು, ಐದನೆಯದಕ್ಕೆ ಬಾಲವಿತ್ತು!

"ಈ ಸಲ ಯಾರನ್ನೂ ಕರೆಯಲ್ಲ. ಇವತ್ತೇ ಸಂಜೆ ನಾಲ್ಕಕ್ಕೆ ಸಂಗೀತ ಕೇಳಿ ತಾವಾಗಿ ಐವತ್ತು ಜನ ಬರ್ತಾರೆ. ಕೊನೇ ಪುಟದವರೆಗೂ ಕೂರ್ತಾರೆ. ಕೂರದಿದ್ರೆ ಇನ್ನು ಜನ್ಮದಲ್ಲಿ ಪೆನ್ನು ಮುಟ್ಟಲ್ಲ!"

"ಆ ಮೂವತ್ತೆರಡು ಪುಟ?"

"ನಿನ್ನ ಬಜ್ಜಿ ಎಣ್ಣೆ ಹೀರೋಕೆ ಇಟ್ಕೋ!"

ಉಮಾ ಆ ಕ್ಷಣವೇ ಕಡಲೆಹಿಟ್ಟಿನ ಡಬ್ಬ ತೆರೆದು ನೋಡಿದಳು.

ನಾನು ನೇರ ಮಾರಿಕುಪ್ಪಂಗೆ ಹೋದೆ. ಅಲ್ಲಿ ಬ್ಯಾಂಡ್ ಮಾಸ್ಟರ್ ಪೆರುಮಾಳ್ ಇದ್ದಾನೆ. ಮದುವೆಗೂ ಅವನೇ, ಮಸಣಕ್ಕೂ ಅವನೇ. ನಾನೋ ಕಾನ್ವೆಂಟಿನಲ್ಲಿ ಓದಿದವನು. ಅಲ್ಲಿ ಹಾಡು ಕಲಿಸಿದ ಸಿಸ್ಟರ್ ಪ್ರಕಾರ ಸಂಗೀತದಲ್ಲಿ ಎರಡೇ ವಿಧ: ನಿಧಾನ, ಇನ್ನೂ ನಿಧಾನ.

"ಕುಣಿಯೋ ಟ್ಯೂನ್ ಬೇಡ ಪೆರುಮಾಳ್. ಮೆತ್ತಗೆ, ಗಂಭೀರವಾಗಿ, ಎದೆ ಕರಗೋ ಹಾಗಿರಬೇಕು."

ಪೆರುಮಾಳ್ ತಲೆಯ ಟೋಪಿ ತೆಗೆದ. "ಡ್ರೆಸ್ಸು ಕೆಂಪಾ ಬಿಳೀನಾ ಸಾರ್?"

"ಬಿಳಿ!"

"ಯಾರ ಮನೇಲಿ ಸಾರ್?"

"ನಮ್ಮನೇಲೇ."

"ವಯಸ್ಸು?"

ಕಲಾವಿದನಿಗೆ ಸಾಹಿತಿಯ ಬಗ್ಗೆ ಎಂಥ ಕುತೂಹಲ! "ಐವತ್ತಮೂರು," ಎಂದೆ.

"ಅಯ್ಯಯ್ಯೋ! ಚಿನ್ನ ವಯಸ್ಸು ಸಾರ್!"

ತಮಿಳಿನಲ್ಲಿ ಚಿನ್ನ ಎಂದರೆ ಚಿಕ್ಕದು. ನನಗೆ ಎರಡೂ ಭಾಷೆಯಲ್ಲಿ ಹಿತವಾಯಿತು. ಅವನು ನನ್ನ ಕೈ ಹಿಡಿದು, "ಧೈರ್ಯವಾಗಿರಿ ಸಾರ್," ಎಂದ. ವೇದಿಕೆ ಹತ್ತುವವನಿಗೆ ಧೈರ್ಯ ಬೇಕಲ್ಲವೇ!

ಶಾಮಿಯಾನದವನು ಬಂದು ಕೇಳಿದ: "ಸೀರಿಯಲ್ ಲೈಟು? ಬಾಳೆಕಂಬ? ಮಾವಿನ ತೋರಣ?"

"ಏನೂ ಬೇಡ. ಸರಳತೆ!" ಎಂದೆ. ಬರೀ ಶಾಮಿಯಾನ, ಬರೀ ಐವತ್ತು ಪ್ಲಾಸ್ಟಿಕ್ ಕುರ್ಚಿ. ಇವತ್ತಿನ ಸಾಹಿತಿ ಯಾರೆಂದು ಜನಕ್ಕೆ ತಿಳಿಯಬೇಕಲ್ಲ ಎಂದು ಎದುರಿಗೆ ಸ್ಟೂಲಿನ ಮೇಲೆ ಕಟ್ಟುಹಾಕಿಸಿದ ನನ್ನ ಫೋಟೋ ಇಟ್ಟೆ. ಉದ್ಘಾಟನೆಗೆಂದು ಅದರ ಮುಂದೊಂದು ದೀಪ ಹಚ್ಚಿದೆ.

ಉಮಾ ಬಾಗಿಲಲ್ಲಿ ನಿಂತು ನೋಡಿದಳು. "ಏನೋ ಒಂಥರಾ ಕಾಣ್ತಿದೆ ರೀ."

"ಅಭಿರುಚಿ ಅಂದ್ರೆ ಒಂಥರಾನೇ ಕಾಣೋದು!"

ಅವಳು ಈರುಳ್ಳಿ ಹೆಚ್ಚಲು ಒಳಗೆ ಹೋದಳು. ನಾನು ಕೋಣೆಯ ಬಾಗಿಲು ಹಾಕಿಕೊಂಡು ತಾಲೀಮಿಗೆ ನಿಂತೆ.

ನಾಲ್ಕಕ್ಕೆ ಬ್ಯಾಂಡು ಶುರುವಾಯಿತು. ಆಹಾ, ಏನು ನಾದ! ಬೀದಿನಾಯಿಗಳು ಕೂಡ ಮುಂಗಾಲು ಮಡಿಸಿ ಕೂತವು. ಕಿಟಕಿಯ ಸಂದಿಯಲ್ಲಿ ಇಣುಕಿದರೆ... ಜನ! ಬೀದಿಯ ಎರಡೂ ತುದಿಯಿಂದ ಜನ! ಹತ್ತು, ಮೂವತ್ತು, ಐವತ್ತು! ಹೆಂಗಸರು ತಲೆ ಮೇಲೆ ಸೆರಗು ಹೊದ್ದಿದ್ದಾರೆ. ಒಬ್ಬರ ಮೊಬೈಲೂ ಸದ್ದು ಮಾಡುತ್ತಿಲ್ಲ. ಕೆಲವರ ಕೈಯಲ್ಲಿ ಹಾರ ಬೇರೆ! ಒಬ್ಬ ಮುದುಕರು ನನ್ನ ಫೋಟೋಗೆ ಕೈಮುಗಿದು, ಯಾರಿಗೂ 'ಬತ್ತೀನಿ' ಎಂದು ಕೂಡ ಹೇಳದೆ ಹೊರಟುಹೋದರು. ಸಂಗೀತಕ್ಕೆ ಅಡ್ಡಿಯಾಗದಿರಲಿ ಅಂತ! ನಾನು ಇನ್ನೊಂದು ಸಲ ತಲೆ ಬಾಚಿಕೊಂಡೆ.

ಅಷ್ಟರಲ್ಲಿ ಉಮಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಆಚೆ ಬಂದಳು. ಎದುರುಮನೆಯ ಅಮ್ಮಾಜಮ್ಮ ಓಡಿಬಂದು ತಬ್ಬಿಕೊಂಡರು.

"ಅಳಬ್ಯಾಡ ಕಣಮ್ಮಾ!"

"ಅಯ್ಯೋ, ಈರುಳ್ಳಿ ಹೆಚ್ತಾ..."

"ನೀನ್ಯಾಕೆ ಒಲೆ ಅಚ್ಚಕ್ಕೋದೆ? ಇವತ್ತು ಊಟ ನಮ್ಮನೆಯಿಂದ ಬತ್ತೈತೆ. ಒಳ್ಳೆ ಮನುಸ ಕಣಮ್ಮ. ಬರ್ದಿದ್ದನ್ನ ಸಿಕ್ಕೋರ್ನೆಲ್ಲ ಇಡ್ಕೊಂಡು ನಿಲ್ಸಿ ಓದಿ ಏಳ್ತಿದ್ದ. ಅದೊಂದು ಬುಟ್ರೆ ಬೇರೆ ಕೆಟ್ಟ ಚಟ ಇರ್ಲಿಲ್ಲ."

ಪಕ್ಕದಲ್ಲಿ ಫ್ಯಾಕ್ಟರಿಯಲ್ಲಿ ನನ್ನ ಜೊತೆ ದುಡಿಯುವ ಮುನಿರಾಜ್ ಮೂಗು ಒರೆಸಿಕೊಂಡ. "ದಿನಾ ಊಟದ ಟೈಮಲ್ಲಿ ಎರಡು ಪುಟ ಓದೋನಮ್ಮ. ನಾಳೆಯಿಂದ ನೆಮ್ಮದಿಯಾಗಿ ಉಣ್ಬೋದು ಅಂತ ಗೊತ್ತಿದ್ರೂ ಅಳು ಬತ್ತೈತೆ."

ಇರ್ಲಿಲ್ಲ? ಓದೋನು? ಭೂತಕಾಲ! ನನ್ನೊಳಗಿನ ಕಾನ್ವೆಂಟ್ ವ್ಯಾಕರಣ ಧಡಕ್ಕನೆ ಎಚ್ಚರವಾಯಿತು. ಬಿಳಿ ಪಂಚೆ, ಬಿಳಿ ಜುಬ್ಬ, ಕೈಯಲ್ಲಿ ಮೂವತ್ತೆರಡು ಪುಟ. ಬಾಗಿಲು ದೂಡಿಕೊಂಡು ಆಚೆ ನೆಗೆದೆ.

"ಯಾರ್ರೀ ಸತ್ತಿದ್ದು?"

ಕ್ಲಾರಿನೆಟ್ಟು ಕೀಂಯ್ ಎಂದು ನಿಂತಿತು. ಮುಂದಿನ ಸಾಲು ಹಿಂದಿನ ಸಾಲಿನ ಮೇಲೆ ಬಿತ್ತು. ಪೆರುಮಾಳ್ "ಮುರುಗಾ!" ಎಂದು ಕಣ್ಣು ಮುಚ್ಚಿಕೊಂಡ.

"ಏ ಎಂಕಟೇಸಪ್ಪಾ!" ಅಮ್ಮಾಜಮ್ಮನ ದನಿಯಲ್ಲಿ ಸಂತೋಷಕ್ಕಿಂತ ತಕರಾರೇ ಹೆಚ್ಚಾಗಿತ್ತು. "ನೀನು ಸತ್ತಿಲ್ವೇನ್ಲಾ?"

"ಕ್ಷಮಿಸಿ," ಎಂದೆ. ಬೇರೇನು ಹೇಳಲಿ!

"ಲೈಟಿಲ್ಲ, ಬಾಳೆಕಂಬ ಇಲ್ಲ, ಪಟದ ಮುಂದೆ ದೀಪ, ಬಿಳೀ ಬ್ಯಾಂಡು! ಇನ್ನೇನಂದ್ಕಬೇಕ್ಲಾ? ಸಾವಿಗೆ ಯಾರಾದ್ರೂ ಕರೀತಾರಾ? ಅದ್ಕೇ ಎಲ್ರೂ ಕರೀದೇನೇ ಓಡಿ ಬಂದ್ವಿ. ಈಗ ನಾನು ಮನೇಗೋಗಿ ತಲೆಗೆ ನೀರು ಉಯ್ಕಬೇಕಾ ಬ್ಯಾಡ್ವಾ, ಅದಾದ್ರೂ ಏಳು!"

ಜನ ಏಳತೊಡಗಿದರು. ನನ್ನ ಐವತ್ತು! ನನ್ನ ಪೆನ್ನಿನ ಪ್ರಾಣ! "ಕೂತ್ಕೊಳ್ಳಿ! ಸಾಯದೇ ಇದ್ದಿದ್ದಕ್ಕೆ ಬಜ್ಜಿ ಇದೆ!" ಎಂದು ಕೂಗಿದೆ.

ಕೂತರು. ಪೆರುಮಾಳ್ ನಾಚಿಕೆಗೋ ಖುಷಿಗೋ ಮದುವೆ ಟ್ಯೂನು ಬಾರಿಸಿದ ನೋಡಿ! ಬೀದಿಯೇ ಎದ್ದು ಕುಣಿಯಿತು. ಮುನಿರಾಜ್ ಶಿಳ್ಳೆ ಹಾಕಿದ. ಅಮ್ಮಾಜಮ್ಮ ನನಗೆಂದು ತಂದಿದ್ದ ಹಾರವನ್ನು ಪೆರುಮಾಳ್ ಕೊರಳಿಗೆ ಹಾಕಿದರು. ಬಜ್ಜಿ ಎರಡು ಸುತ್ತು ಬಂತು.

ಆಮೇಲೆ ನಾನು ನಿಂತೆ. ಓದಿದೆ. ಮೂರನೇ ಪುಟದಲ್ಲಿ ಕೆಮ್ಮು. ಐದನೇ ಪುಟದಲ್ಲಿ ಮುನಿರಾಜನಿಗೆ ಸದ್ದೇ ಆಗದ ಫೋನು ಬಂತು. ಒಂಬತ್ತರಲ್ಲಿ ತಲೆಯೆತ್ತಿದರೆ ಹಿಂದಿನ ಸಾಲುಗಳಿಲ್ಲ. ಒಬ್ಬೊಬ್ಬರೇ ಏಳುತ್ತಿದ್ದರು, ನನ್ನ ಫೋಟೋವನ್ನೊಮ್ಮೆ ಕನಿಕರದಿಂದ ನೋಡುತ್ತಿದ್ದರು, ನನಗೆ ಹೇಳದೆಯೇ ಜಾರಿಕೊಳ್ಳುತ್ತಿದ್ದರು. ಹನ್ನೆರಡನೇ ಪುಟ ಮುಗಿಸುವಾಗ ಶಾಮಿಯಾನದವನು ನಾನೊಬ್ಬ ಇದ್ದೇನೆಂಬುದನ್ನೂ ಮರೆತು ಕುರ್ಚಿ ಒಂದರ ಮೇಲೊಂದು ಪೇರಿಸುತ್ತಿದ್ದ.

ಉಮಾ ಬಂದು ನನ್ನ ಕೈಯಿಂದ ಪುಟಗಳನ್ನು ತೆಗೆದುಕೊಂಡಳು. ತಟ್ಟೆಯಲ್ಲಿ ಹರಡಿ, ಕೊನೆಯ ಬಾಣಲೆಯ ಬಜ್ಜಿ ಸುರಿದಳು. ನನ್ನ ಹಾಸ್ಯ ಮೊದಲ ಸಲ ಜಿಡ್ಡುಗಟ್ಟಿ ಹೊಳೆಯಿತು.

ಆದರೂ ನಾನು ಸೋಲಲಿಲ್ಲ! "ಒಂದು ಗಮನಿಸಿದೆಯಾ? ಯಾರೂ 'ಬತ್ತೀನಿ' ಅಂತ ಹೇಳದೇ ಹೋದರು. ಸಾವಿನ ಮನೆಯಿಂದ ಹೊರಡುವಾಗ ಹಾಗೆ ಹೇಳಬಾರದು ಅಂತ ಪದ್ಧತಿ. ಸಾವಿಗೆ ಅಂತ ಬಂದವರಲ್ವಾ, ಆ ಪದ್ಧತಿ ಬಿಡಲಿಲ್ಲ. ಇದೇ ಕಣೇ ಸಂಸ್ಕೃತಿ!"

ಉಮಾ ಹದಿಮೂರನೇ ಪುಟಕ್ಕೆ ಅಂಟಿದ್ದ ಬಜ್ಜಿಯೊಂದನ್ನು ಬಿಡಿಸಿ ನನ್ನ ಕೈಗಿಟ್ಟಳು.

"ಪೆರುಮಾಳ್‌ಗೆ ಎಲ್ಲರೂ ಹೇಳಿಯೇ ಹೋದರು ರೀ. 'ಬತ್ತೀವಿ ಮಾಸ್ಟರ್, ಮತ್ತೆ ಯಾವಾಗ ಬಾರಿಸ್ತೀರಾ' ಅಂತ. ಹೇಳದೇ ಹೋಗಿದ್ದು ನಿಮ್ಮೊಬ್ಬರಿಗೇ."