ಕೋಡುಬಳೆ ಸತ್ಯಾಗ್ರಹ

ನಾನು ಹಠ ಹಿಡಿದರೆ ಹಿಡಿದಂತೆಯೇ! ಬ್ರಹ್ಮ ಬಂದರೂ ಬಿಡಿಸಲಾರ. ಗೋವಿಂದರಾಜನಗರದ ನಮ್ಮ ವಠಾರದ ನಾಲ್ಕು ಮನೆಗಳಿಗೂ ಗೊತ್ತಿದ್ದ ವಿಷಯ ಇದು. ಆದ್ದರಿಂದಲೇ ಎಪ್ಪತ್ತಮೂರನೇ ಇಸವಿ ಜೂನ್ ತಿಂಗಳ ಒಂದು ಸಂಜೆ ನನ್ನ ಹೆಂಡತಿ ಅನಂತಲಕ್ಷ್ಮಿ, "ರೀ, ನಾಳೆಯಿಂದ ನಾನು ಸ್ಕೂಲಿಗೆ ಹೋಗ್ತೀನಿ. ನಾಲ್ಕನೇ ಕ್ಲಾಸಿಗೆ ಮಿಸ್ ಆಗಿ ತಗೊಂಡಿದಾರೆ" ಎಂದಾಗ ನಾನು ಎದ್ದು ಹೋಗಿ ಮೊದಲು ಬಾಗಿಲು, ಕಿಟಕಿಗಳನ್ನೆಲ್ಲ ತೆರೆದೆ. ಐತಿಹಾಸಿಕ ಘೋಷಣೆಗಳನ್ನು ಮುಚ್ಚಿದ ಮನೆಯಲ್ಲಿ ಮಾಡಬಾರದು!

"ನೀನು ಆ ಸ್ಕೂಲಿನ ಮೆಟ್ಟಿಲು ಹತ್ತಿದ್ರೆ ಒಂದಗುಳು ಅನ್ನ ನನ್ನ ಬಾಯಿಗೆ ಹೋಗಲ್ಲ! ನೀನು ಕೆಲಸ ಬಿಡೋ ತನಕ ನಂದು ಉಪವಾಸ!"

"ಈಗ ರಾತ್ರಿಗೆ ಅನ್ನಕ್ಕಿಡ್ಲಾ, ಬೇಡ್ವಾ? ಅಷ್ಟು ಹೇಳಿ ಸಾಕು."

"ಬೇಡ!"

"ಸರಿ" ಎಂದವಳೇ ನನ್ನ ಪಾಲಿನ ಅಕ್ಕಿಯನ್ನು ಮತ್ತೆ ಡಬ್ಬಕ್ಕೆ ಸುರಿದಳು. ಕಣ್ಣೀರಿಲ್ಲ, ಬೇಡಿಕೊಳ್ಳುವುದಿಲ್ಲ! ಹೋರಾಟದ ಆರಂಭ ನಾನು ಅಂದುಕೊಂಡಂತೆ ಆಗಲಿಲ್ಲ.

ಯಾಕೆ ಈ ವಿರೋಧ ಎಂದು ನೀವು ಕೇಳಬಹುದು. ಹೆಂಡತಿಯನ್ನು ಕೆಲಸಕ್ಕೆ ಕಳಿಸಿದರೆ ನಾಲ್ಕು ಜನ ಏನೆಂದುಕೊಳ್ಳುತ್ತಾರೆ? ಆ ನಾಲ್ಕು ಜನ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬನಂತೂ ಗೊತ್ತು, ಪಕ್ಕದ ಮನೆಯ ಹನುಮಯ್ಯ. ಆಫೀಸಿನಲ್ಲೂ ನನ್ನ ಪಕ್ಕದ ಮೇಜಿನವನು. ಮಾರನೆಯ ಬೆಳಿಗ್ಗೆ ಅನಂತಲಕ್ಷ್ಮಿ ಗಂಜಿ ಹಾಕಿದ ಸೀರೆಯುಟ್ಟು, ಕೊಡೆ ಹಿಡಿದು ಸ್ಕೂಲಿಗೆ ಹೊರಟೇಬಿಟ್ಟಾಗ ಅವನು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ಬಿಡ್ಬೇಡಿ ಸಾರ್! ನೀವು ಸೋತ್ರೆ ನಾಳೆ ನಮ್ಮನೇಲೂ ಶುರುವಾಗುತ್ತೆ. ಇಡೀ ವಠಾರದ ಗಂಡಸರ ಮಾನ ನಿಮ್ಮ ಹೊಟ್ಟೇಲಿದೆ!"

ಹೊಟ್ಟೆಯಲ್ಲಿ ಮಾನ ಇತ್ತೋ ಇಲ್ಲವೋ, ಬೇರೆ ಏನೂ ಇರಲಿಲ್ಲ. ಆಫೀಸಿನ ಕ್ಯಾಂಟೀನಿಗೆ ಹೋಗೋಣವೆಂದರೆ ಈ ಪುಣ್ಯಾತ್ಮ ಇಡೀ ದಿನ ನನ್ನನ್ನು ಕಾವಲು ಕಾದ. ಸಂಜೆ ಬಸ್ಸಿಳಿಯುವ ಹೊತ್ತಿಗೆ ಕಣ್ಣು ಕತ್ತಲೆ ಬರುತ್ತಿತ್ತು. ವಿಜಯನಗರದ ಕಾಂಡಿಮೆಂಟ್ಸ್ ಅಂಗಡಿಯ ಮುಂದೆ ನನ್ನ ಕಾಲುಗಳು ತಾವಾಗಿ ನಿಂತವು. ಹನುಮಯ್ಯ ತರಕಾರಿ ಕೊಳ್ಳುತ್ತಿದ್ದ ಐದು ನಿಮಿಷದಲ್ಲಿ ಆರು ಕೋಡುಬಳೆಗಳು ನನ್ನ ಆಫೀಸ್ ಚೀಲ ಸೇರಿದವು!

ಮನೆಗೆ ಬಂದವನೇ ಚೀಲದ ಸಮೇತ ಬಚ್ಚಲುಮನೆ ಹೊಕ್ಕು ಅಗುಳಿ ಹಾಕಿದೆ. ಕಡಿಯುವ ಸದ್ದು ಕೇಳದಿರಲೆಂದು ನಲ್ಲಿ ಬಿಟ್ಟೆ. ಮೊದಲ ಕೋಡುಬಳೆ ಅಮೃತ! ಎರಡನೆಯದನ್ನು ಎಡದವಡೆಗೆ ಕೊಟ್ಟು ಕಡಿದೆ. ಕಟಂ!

ಮುರಿದದ್ದು ಕೋಡುಬಳೆಯಲ್ಲ.

ಎಡಗಡೆ ಕೆಳಗಿನ ಆ ದವಡೆಹಲ್ಲು ಹಿಂದಿನ ದೀಪಾವಳಿಯಿಂದಲೂ ಟೊಳ್ಳಾಗಿತ್ತು. "ಡಾಕ್ಟ್ರಿಗೆ ತೋರಿಸ್ರೀ" ಎಂದು ಅನಂತಲಕ್ಷ್ಮಿ ಹೇಳಿದಾಗಲೆಲ್ಲ ನಾನು, "ಒಂದು ಹಲ್ಲಿಗೂ ಡಾಕ್ಟ್ರೇನೇ?" ಎಂದು ಗದರಿದ್ದೆ. ಈಗ ಅದರ ಅರ್ಧ ಭಾಗ ಅಂಗೈಯಲ್ಲಿತ್ತು, ಉಳಿದರ್ಧ ದವಡೆಯಲ್ಲಿ ಕೂತು ತಾಂಡವ ಆರಂಭಿಸಿತ್ತು. ಕೂಗುವಂತಿಲ್ಲ! ಹಲ್ಲು ಹೇಗೆ ಮುರಿಯಿತೆಂದು ಹೇಳಬೇಕಾದರೆ ಕೋಡುಬಳೆಯ ವಿಷಯ ಹೇಳಬೇಕು. ಕೋಡುಬಳೆಯ ವಿಷಯ ಹೇಳಿದರೆ ಸತ್ಯಾಗ್ರಹ ಮುಗಿಯಿತು, ವಠಾರದ ಗಂಡಸರ ಮಾನವೂ ಮುಗಿಯಿತು. ಪ್ರಾಣ ಹೋದರೂ ಬಾಯಿ ಬಿಡಬಾರದೆಂದು ಅಲ್ಲೇ, ಹಂಡೆಯ ಸಾಕ್ಷಿಯಾಗಿ ತೀರ್ಮಾನಿಸಿದೆ.

ಎರಡನೆಯ ದಿನ ಕೆನ್ನೆ ಊದಿತು. ಆಫೀಸಿಗೆ ರಜೆ ಹಾಕಿ, ಜೂನ್ ತಿಂಗಳಲ್ಲಿ ಮಫ್ಲರ್ ಸುತ್ತಿಕೊಂಡು ಮೂಲೆಯಲ್ಲಿ ಕೂತೆ.

"ಏನ್ರೀ ಇದು, ಮನೆಯೆಲ್ಲ ಲವಂಗದೆಣ್ಣೆ ವಾಸನೆ?" ಎಂದಳು ಅನಂತಲಕ್ಷ್ಮಿ.

ಉತ್ತರ ಕೊಡೋಣವೆಂದರೆ ಬಾಯಿ ಸರಿಯಾಗಿ ತೆರೆಯುತ್ತಿಲ್ಲ! ಸೋಲೊಪ್ಪುವ ಜಾತಿಯೇ ನಾನು? ಒಂದು ಚೀಟಿಯಲ್ಲಿ 'ಇಂದಿನಿಂದ ಮೌನವೃತವೂ ಸೇರಿದೆ' ಎಂದು ಬರೆದು ಅವಳ ಮುಂದೆ ಎಸೆದೆ. ಅವಳು ಓದಿದಳು. ಚೀಲದಿಂದ ಕೆಂಪು ಪೆನ್ಸಿಲ್ ತೆಗೆದು 'ವೃತ'ವನ್ನು 'ವ್ರತ' ಎಂದು ತಿದ್ದಿ, ಚೀಟಿಯನ್ನು ನನಗೇ ಹಿಂತಿರುಗಿಸಿ ಸ್ಕೂಲಿಗೆ ಹೋದಳು. ಒಂದೇ ದಿನದ ನೌಕರಿ, ಆಗಲೇ ಇಷ್ಟು ಧಿಮಾಕು!

ಹೊರಗೆ ನನ್ನ ಕೀರ್ತಿ ಮಾತ್ರ ಏರುತ್ತಲೇ ಇತ್ತು. ಹನುಮಯ್ಯ ಕಿಟಕಿಯಿಂದ ಇಣುಕಿ, "ಏನು ತೇಜಸ್ಸು ಸಾರ್! ಮುಖ ಹೇಗೆ ತುಂಬಿಕೊಂಡಿದೆ ನೋಡಿ!" ಎಂದು ಕೈಮುಗಿದು ಹೋದ. ನಾನೂ ಹೆಮ್ಮೆಯಿಂದ ಕೈಯೆತ್ತಿ ಆಶೀರ್ವದಿಸಿದೆ. ಆ ಕೈ ಕೆಂಡದಂತೆ ಸುಡುತ್ತಿತ್ತು.

ಮೂರನೆಯ ದಿನ ಶನಿವಾರ. ಜ್ವರ ನೆತ್ತಿಗೇರಿತ್ತು. ನೀರಿರಲಿ, ಉಗುಳು ನುಂಗುವುದೂ ಕಷ್ಟವಾಗಿತ್ತು. ಆದರೂ ಹಠ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಠಾರದ ಒಡತಿ ಅಕ್ಕಯ್ಯಮ್ಮ ಒಂದು ಚೊಂಬು ಮಜ್ಜಿಗೆ ಹಿಡಿದು ಬಂದರು. ಈ ಜಾಗವೆಲ್ಲ ರಾಗಿ ಹೊಲವಾಗಿದ್ದಾಗ ಸ್ವತಃ ಕಳೆ ಕಿತ್ತಿದ್ದ ಕೈ ಅವರದು.

"ಅಲ್ಲ ಕಣಪ್ಪಾ, ಆ ಹೆಣ್ಮಗ ನಾಕು ಮಕ್ಳಿಗೆ ಪಾಠ ಯೋಳ್ಕೊಡಕ್ಕೆ ಹೋದ್ರೆ ನಿಂಗೇನ್ ಬಂದಿರೋದು? ಕುಡಿ ಮಜ್ಗೆ!"

ತಲೆಯಾಡಿಸಿದೆ. ಅಕ್ಕಯ್ಯಮ್ಮ ಮಾತು ಬೆಳೆಸಲಿಲ್ಲ. ಮಫ್ಲರನ್ನು ಎಳೆದು ಬಿಸುಟು, ನನ್ನ ಗಲ್ಲ ಹಿಡಿದರು. ನಾನು ಹಾಕಿದ ಕೂಗಿಗೆ ವಠಾರದ ಕಾಗೆಗಳೆಲ್ಲ ಹಾರಿಹೋದವು.

"ಅಯ್ಯೋ ಸಿವನೇ! ಇದು ಉಪಾಸ ಅಲ್ಲ ಕಣವ್ವಾ, ದವಡೆ ಕೀವು ಕಟ್ಟದೆ!" ಎಂದು ಅವರು ಕೂಗುವುದಕ್ಕೂ ಅರ್ಧ ದಿನದ ಸ್ಕೂಲು ಮುಗಿಸಿದ ಅನಂತಲಕ್ಷ್ಮಿ ಒಳಗೆ ಬರುವುದಕ್ಕೂ ಸರಿಹೋಯಿತು.

ಅವಳು ನನ್ನ ಕೆನ್ನೆ ಮುಟ್ಟಿದಳು. "ಒಂದು ಮಾತು ಹೇಳೋಕೆ ಆಗ್ಲಿಲ್ವೇನ್ರೀ ನಿಮಗೆ? ನಾನೂ ಹಠಕ್ಕೆ ಬಿದ್ದು ನಿಮ್ಮ ಮುಖ ಸರಿಯಾಗಿ ನೋಡಲೇ ಇಲ್ಲ" ಎನ್ನುವಾಗ ಅವಳ ಕಣ್ಣು ತುಂಬಿತ್ತು. ಮೂರು ದಿನದಲ್ಲಿ ಮೊದಲ ಬಾರಿಗೆ ನನಗೆ ಹಲ್ಲಿಗಿಂತ ಹೆಚ್ಚಾಗಿ ಬೇರೆಲ್ಲೋ ನೋವಾಯಿತು.

ದುಡ್ಡಿದ್ದ ನನ್ನ ಆಫೀಸ್ ಚೀಲವನ್ನು ಅವಳೇ ಎತ್ತಿಕೊಂಡಳು. ಆಟೋದಲ್ಲಿ ರಾಜಾಜಿನಗರಕ್ಕೆ ಹೋದೆವು. ಹಲ್ಲಿನ ಡಾಕ್ಟರು ಗೋಪೀನಾಥ್ ಊಟಕ್ಕೆ ಹೊರಟಿದ್ದವರು ನನ್ನ ಮುಖ ನೋಡಿ ಮತ್ತೆ ಕೋಟು ಹಾಕಿಕೊಂಡರು.

"ಬಾಯಿ ತೆಗೀರಿ. ಇಷ್ಟೇನಾ? ಒಂದು ಬೆರಳೂ ಹೋಗಲ್ವಲ್ಲ! ಯಾವತ್ತಿಂದ ಹೀಗಿದೆ?"

ನಾನು ಮೂರು ಬೆರಳು ತೋರಿಸಿದೆ.

"ಮೂರು ದಿನ! ಇವತ್ತೂ ಬರದೆ ಈ ಕೀವು ಕತ್ತಿಗೆ ಇಳಿದಿದ್ರೆ ಉಸಿರೇ ಕಟ್ಟಿಹೋಗ್ತಿತ್ತು. ಆಮೇಲೆ ನನ್ನ ಹತ್ರ ಬಂದು ಪ್ರಯೋಜನ ಇರ್ತಿರಲಿಲ್ಲ, ದೊಡ್ಡಾಸ್ಪತ್ರೆಗೇ ಓಡಬೇಕಿತ್ತು. ಹಲ್ಲು ಅಂದ್ರೆ ಅಷ್ಟು ಅಸಡ್ಡೆನಾ ನಿಮಗೆ? ಅದಿರಲಿ, ಏನು ಕಡಿದ್ರಿ?"

ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ. ಅಷ್ಟರಲ್ಲಿ ಅನಂತಲಕ್ಷ್ಮಿ ನನ್ನ ಬೆವರೊರೆಸಲೆಂದು ಕರವಸ್ತ್ರಕ್ಕಾಗಿ ಆಫೀಸ್ ಚೀಲಕ್ಕೆ ಕೈಹಾಕಿದಳು. ಬಂದದ್ದು ಕರವಸ್ತ್ರವಲ್ಲ. ಎಣ್ಣೆ ಹೀರಿದ ಪೊಟ್ಟಣ! ಅದನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟಳು. ನಾಲ್ಕು ಕೋಡುಬಳೆಗಳು ನನ್ನನ್ನೇ ದಿಟ್ಟಿಸಿದವು.

"ಉಪವಾಸದ ಫಲಾಹಾರ ಡಾಕ್ಟ್ರೇ" ಎಂದಳು.

ಇಂಜೆಕ್ಷನ್ ಚುಚ್ಚಿ, ಕೀವು ಬಸಿದು, ಇಕ್ಕಳ ಹಿಡಿದು ಡಾಕ್ಟರು ಮಾಡಿದ ಯುದ್ಧವನ್ನು ನಾನು ವರ್ಣಿಸಲಾರೆ. ಹಲ್ಲೂ ನನ್ನದೇ ಅಲ್ಲವೇ, ಸುಲಭವಾಗಿ ಬರಲಿಲ್ಲ! ಕೊನೆಗೆ ಟಣ್ ಎಂದು ತಟ್ಟೆಗೆ ಬಿತ್ತು. "ಮೂರು ದಿನ ಗಟ್ಟಿ ಪದಾರ್ಥ ಬೇಡ, ಜಾಸ್ತಿ ಮಾತೂ ಬೇಡ" ಎಂದರು ಡಾಕ್ಟರು.

"ಅಭ್ಯಾಸ ಇದೆ ಅವರಿಗೆ" ಎಂದಳು ಅನಂತಲಕ್ಷ್ಮಿ. ಹಲ್ಲನ್ನು ಹತ್ತಿಯಲ್ಲಿ ಸುತ್ತಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಪ್ರೀತಿಯ ನೆನಪಿಗೆಂದು ತಿಳಿದು ನಾನು ಕರಗಿಹೋದೆ.

ಒಂದು ವಾರ ಗಂಜಿ ಕುಡಿದು ಎದ್ದೆ. ಮೊದಲ ದಿನ ಬೀದಿಗಿಳಿದರೆ ಲಂಗದ ಹುಡುಗಿಯೊಬ್ಬಳು ತನ್ನ ಗೆಳತಿಗೆ, "ಅವರೇ ಕಣೇ, ಹಲ್ಲು ಮಾಮ!" ಎಂದಳು. ವಿಚಾರಿಸಿದೆ. ನನ್ನ ಹಲ್ಲು ಗಾಜಿನ ಶೀಶೆಯಲ್ಲಿ ನಾಲ್ಕನೇ ತರಗತಿಯ ಮೇಜಿನ ಮೇಲೆ ಕೂತು ಆರೋಗ್ಯ ಪಾಠ ಮಾಡುತ್ತಿತ್ತು! ಹೆಂಡತಿ ಹೋಗಕೂಡದೆಂದು ನಾನು ಹೋರಾಡಿದ ಸ್ಕೂಲಿಗೆ ನನ್ನ ಹಲ್ಲೇ ನೌಕರಿಗೆ ಸೇರಿತ್ತು! ನನ್ನ ರಕ್ತ ಕುದಿಯಿತು. ಹಲ್ಲು ನನ್ನದು, ಹಕ್ಕು ನನ್ನದು! ವಾಪಸು ಪಡೆದೇ ತೀರುತ್ತೇನೆಂದು ನೇರ ಸ್ಕೂಲಿಗೆ ನುಗ್ಗಿ ತರಗತಿಯ ಬಾಗಿಲಲ್ಲಿ ನಿಂತೆ.

ಒಳಗೆ ಪಾಠ ನಡೆದಿತ್ತು.

"ತಡಮಾಡದೆ ಹಲ್ಲಿನ ಡಾಕ್ಟರ ಹತ್ತಿರ ಯಾವಾಗ ಓಡಬೇಕು?"

"ಕೆನ್ನೆ ಊದಿದರೆ ಮಿಸ್! ಜ್ವರ ಬಂದರೆ ಮಿಸ್! ಬಾಯಿ ತೆಗೆಯೋಕೆ ಆಗದಿದ್ದರೆ, ನುಂಗೋಕೆ ಆಗದಿದ್ದರೆ ಮಿಸ್!"

"ಇಷ್ಟೆಲ್ಲ ಆದರೂ ಹೋಗದವರು ಯಾರು?"

ನಲವತ್ತು ಮಕ್ಕಳು ಒಟ್ಟಿಗೆ ಬಾಗಿಲ ಕಡೆ ಬೆರಳು ತೋರಿಸಿದರು. ನಾನು ಗಂಟಲು ಸರಿಮಾಡಿಕೊಂಡು ಗುಡುಗಲು ಸಿದ್ಧನಾದೆ. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಎರಡು ಜಡೆಯ ಪುಟಾಣಿ ಎದ್ದು ನಿಂತು ಕಳವಳದಿಂದ ಕೇಳಿತು, "ಸಾರ್, ಈಗ ನೋವು ಹೋಯ್ತಾ? ಹಲ್ಲಿದ್ದ ಜಾಗ ತೋರಿಸ್ತೀರಾ?"

ಆ ಮುಖ ನೋಡಿ ನನ್ನ ಗುಡುಗು ಗಂಟಲಲ್ಲೇ ಉಳಿಯಿತು. ಒಳಗೆ ಹೋಗಿ ನಲವತ್ತು ಮಕ್ಕಳ ಮುಂದೆ ಬಗ್ಗಿ ನಿಂತು ಬಾಯಿ ತೆರೆದೆ. ಅನಂತಲಕ್ಷ್ಮಿ ಬೋರ್ಡಿನ ಕೋಲು ಎತ್ತಿಕೊಂಡಳು.

"ಇನ್ನೂ ಅಗಲ ತೆಗೀರಿ. ಹಿಂದಿನ ಬೆಂಚಿನವರಿಗೆ ಕಾಣ್ತಾ ಇಲ್ಲ."